ಕದ್ದೂರ್ ತುಂಬಿಸಲು ಹೊರಟ ವಿಮಾನ

ನಮ್ಮ ಓಣಿಯ ಕದ್ದೂರ್ ಮೂವತ್ತೆಂಟು ವರ್ಷ ಟ್ಯಾಕ್ಸಿ ಓಡಿಸಿದ. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಐದೇ ಜನರನ್ನು ಕೂರಿಸಿಕೊಂಡು ಊರು ಬಿಟ್ಟವನಲ್ಲ. ಆರು ಆಗಬೇಕು. ಮುಂದೆ ಇಬ್ಬರು, ಹಿಂದೆ ನಾಲ್ವರು. ನಮ್ಮ ಗಡಿಯೂರು ಊಜ್ದಾದ ದೊಡ್ಡ ಟ್ಯಾಕ್ಸಿಗಳ ಲೆಕ್ಕವೇ ಹಾಗೆ. ಆರನೆಯವನು ಸಿಗುವ ತನಕ ಉಳಿದ ಐವರು ಬೆವರುತ್ತ, ಒಬ್ಬರ ಮೊಣಕೈಯನ್ನು ಇನ್ನೊಬ್ಬರು ತಳ್ಳುತ್ತ ಕೂತಿರಬೇಕು. ಕದ್ದೂರ್ ಹೊರಗೆ ನಿಂತು "ಇನ್ನೊಬ್ಬರು! ಇನ್ನೊಬ್ಬರೇ ಒಬ್ಬರು!" ಎಂದು ಕೂಗುತ್ತಿರುತ್ತಾನೆ. ಆಳು ಕುಳ್ಳ. ಎರಡು ದಿಂಬು ಹಾಕಿಕೊಳ್ಳದಿದ್ದರೆ ಅವನಿಗೆ ಗಾಡಿಯ ಗಾಜಿನಾಚೆ ರಸ್ತೆ ಕಾಣುತ್ತಿರಲಿಲ್ಲ. ಆದರೆ ದೇವರು ಆ ದೇಹದಲ್ಲಿ ಉಳಿಸಿದ್ದನ್ನೆಲ್ಲ ಗಂಟಲಿಗೆ ಹಾಕಿದ್ದ.

ಅವನ ಹೆಂಡತಿ ರಹ್ಮಾಗೆ ಮೊದಲ ಹೆರಿಗೆಯ ನೋವು ಬಂದ ದಿನ ಅವಳ ಕೈ ಹಿಡಿದುಕೊಂಡು ಗಾಡಿಯ ಹಿಂದಿನ ಸೀಟಿನಲ್ಲಿ ಕೂತಿದ್ದವಳು ನಾನು. ಹಾಗಾಗಿ ಇದು ಯಾರೋ ಹೇಳಿ ಕೇಳಿದ್ದಲ್ಲ. ಆಸ್ಪತ್ರೆಯ ದಾರಿ ಟ್ಯಾಕ್ಸಿ ಸ್ಟ್ಯಾಂಡಿನ ಮುಂದೆಯೇ ಹಾದುಹೋಗುತ್ತದೆ. ಸ್ಟ್ಯಾಂಡ್ ಬಂದ ಕೂಡಲೇ ಕದ್ದೂರನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು, ಬಾಯಿ ತಾನಾಗಿ ತೆರೆಯಿತು. "ಆಸ್ಪತ್ರೆ, ಆಸ್ಪತ್ರೆ! ನಾಲ್ಕು ಸೀಟು!" ಇಬ್ಬರು ಹತ್ತಿಯೇಬಿಟ್ಟರು. ರಹ್ಮಾ ಅವನಿಗೆ ಅಂದು ಅಂದದ್ದನ್ನು ನಾನು ಬರೆಯುವುದಿಲ್ಲ. ಹುಟ್ಟಿದ್ದು ಹೆಣ್ಣು ಮಗು, ತೂಕ ಮೂರು ಕಿಲೋ ಇನ್ನೂರು ಗ್ರಾಮ್.

ಆ ಗಾಡಿ ಅರ್ಧ ಅವನದು, ಅರ್ಧ ನನ್ನ ಗಂಡ ಅಯ್ಯಾದನದು. ಒಂದು ದಿನ ಇವನು, ಒಂದು ದಿನ ಅವನು. ಅಯ್ಯಾದ್ ಹೋಗಿ ಹನ್ನೊಂದು ವರ್ಷವಾಯಿತು, ದೇವರು ಅವನಿಗೆ ನೆರಳು ಕೊಡಲಿ.

ಕದ್ದೂರನಿಗೆ ಒಳ್ಳೆಯ ಕಾಲ ಅಂತ ಇದ್ದದ್ದು ಆರು ವರ್ಷ. ಎಂಬತ್ತೆಂಟರಲ್ಲಿ ಅಲ್ಜೀರಿಯಾದ ಗಡಿ ತೆರೆಯಿತು, ತೊಂಬತ್ತನಾಲ್ಕರಲ್ಲಿ ಮುಚ್ಚಿತು. ಗಡಿಯ ಗೇಟಿಗೆ ಜನ ಇಟ್ಟ ಹೆಸರು 'ಎರಡು ಹೇಸರಗತ್ತೆ'. ಯಾಕೆ ಆ ಹೆಸರು ಎಂದು ಕೇಳಿದರೆ, ಎರಡೂ ಕಡೆಯವರು ಎದುರಿನವರತ್ತ ಬೆರಳು ತೋರಿಸುತ್ತಾರೆ. ಆ ಆರು ವರ್ಷ ಕದ್ದೂರ್ ಓಡಿಸಿದ್ದು ಊಜ್ದಾದಿಂದ ತ್ಲೆಮ್ಸೆನ್‌ಗೆ. ಗಡಿ ದಾಟಲು ಕಾಗದವಿದ್ದ ಕೆಲವೇ ಗಾಡಿಗಳಲ್ಲಿ ಅದೂ ಒಂದು. "ತ್ಲೆಮ್ಸೆನ್! ತ್ಲೆಮ್ಸೆನ್!" ಎಂದು ಅವನು ಕೂಗಿದರೆ ಹಳೇ ಕೋಟೆಗೋಡೆಯ ಪಾರಿವಾಳಗಳೆಲ್ಲ ಒಟ್ಟಿಗೆ ಏಳುತ್ತಿದ್ದವು. ಅವನ ತಂಗಿ ಖೈರಾ ಎಂಬತ್ತೊಂಬತ್ತರಲ್ಲಿ ತ್ಲೆಮ್ಸೆನ್‌ನ ಒಬ್ಬ ಚಪ್ಪಲಿ ಹೊಲಿಯುವವನನ್ನು ಮದುವೆಯಾಗಿ ಹೋದದ್ದೂ ಅದೇ ಗಾಡಿಯಲ್ಲಿ. ಮದುಮಗಳು, ಅವಳ ತಾಯಿ, ಇಬ್ಬರು ಚಿಕ್ಕಮ್ಮಂದಿರು, ನಾನು. ಒಟ್ಟು ಐದು. ಅವತ್ತೂ ಅವನು ಒಬ್ಬ ಈರುಳ್ಳಿ ವ್ಯಾಪಾರಿಯನ್ನು ಹತ್ತಿಸಿಕೊಂಡೇ ಹೊರಟ. ಮದುಮಗಳು ಈರುಳ್ಳಿ ಚೀಲದ ಮೇಲೆ ಕಾಲಿಟ್ಟುಕೊಂಡು ಗಂಡನ ಮನೆಗೆ ಹೋದಳು. ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಎರಡು ಗಂಟೆ ಐದು ನಿಮಿಷ. ಅದರಲ್ಲಿ ಗಡಿಯವರು ಈರುಳ್ಳಿ ಎಣಿಸಿದ್ದು ಮೂವತ್ತು ನಿಮಿಷ.

ಗಡಿ ಮುಚ್ಚಿದ ಮೇಲೆ ಅವನು ಗಡಿಯ ಈಚೆಗೇ ಇರುವ ಬರ್ಕಾನ್ ಕಡೆಗೆ ಓಡಿಸಿದ. ಬರ್ಕಾನ್ ಕೂಗಿಗೆ ಪಾರಿವಾಳ ಏಳಲಿಲ್ಲ.

ಖೈರಾಳ ಗಂಡ ತೀರಿಕೊಂಡಾಗ ಕದ್ದೂರ್ ಹೋಗಲಿಲ್ಲ. ಸುದ್ದಿ ಬರುವಷ್ಟರಲ್ಲಿ ಅಲ್ಲಿ ಮಣ್ಣಾಗಿತ್ತು. ಅದು ಅವನೊಳಗೆ ಒಂದು ಮುಳ್ಳಾಗಿ ಉಳಿಯಿತು. ಆಮೇಲೆ ಎರಡು ದೇಶಗಳ ನಡುವೆ ಆಕಾಶದ ದಾರಿಯೂ ಮುಚ್ಚಿತು. ಅದಾಗಿ ಎರಡನೆಯ ಬೇಸಿಗೆಗೆ ಖೈರಾಳ ಮಗಳು ಇಕ್ರಾಮ್‌ಳ ಮದುವೆ ಗೊತ್ತಾಯಿತು. ಜುಲೈ ತಿಂಗಳ ಶುಕ್ರವಾರ, ಇಳಿಹೊತ್ತಿನ ಅಸರ್ ನಮಾಜ್ ಆದ ಮೇಲೆ ಹೆಣ್ಣು ಹೊರಡುವುದು.

ಹೆಣ್ಣು ತವರು ಬಿಡುವಾಗ ಹೊಸಿಲಲ್ಲಿ ಅಪ್ಪನ ಎತ್ತಿದ ತೋಳಿನ ಕೆಳಗೆ ಹಾದುಹೋಗಬೇಕು. ಅಪ್ಪನ ತೋಳಿನಿಂದ ಬುರ್ನೂಸ್, ಅಂದರೆ ನಮ್ಮ ಟೊಪ್ಪಿಗೆಯುಳ್ಳ ಉಣ್ಣೆಯ ಮೇಲಂಗಿ, ಪರದೆಯ ಹಾಗೆ ಇಳಿಬಿದ್ದಿರಬೇಕು. ಅಪ್ಪನಿಲ್ಲದವಳಿಗೆ ಸೋದರಮಾವ. ಖೈರಾ ಹೋದದ್ದು ತನ್ನ ಅಪ್ಪನ ಒಂಟೆಗೂದಲಿನ ಬುರ್ನೂಸಿನ ಕೆಳಗೆ. ಆ ಬುರ್ನೂಸ್ ಈಗ ಕದ್ದೂರನ ಪೆಟ್ಟಿಗೆಯಲ್ಲಿ ನುಸಿಗುಳಿಗೆಯ ಜೊತೆ ಮಲಗಿತ್ತು.

ಇಕ್ರಾಮ್ ಫೋನಿನಲ್ಲಿ ಹೇಳಿದ್ದನ್ನು ನಾನೂ ಕೇಳಿದೆ. ರಹ್ಮಾ ಯಾವಾಗಲೂ ಫೋನನ್ನು ಓಣಿಗೆಲ್ಲ ಕೇಳುವ ಹಾಗೆ ಇಟ್ಟುಕೊಳ್ಳುತ್ತಾಳೆ.

"ಮಾಮ, ನೀವು ಬರ್ಲಿಲ್ಲ ಅಂದ್ರೆ ನಾನು ಹೊಸಿಲು ದಾಟಲ್ಲ. ಒಡವೆ ಎಲ್ಲ ಹಾಕ್ಕೊಂಡು ಇಲ್ಲೇ ಕೂತಿರ್ತೀನಿ. ಬಂದೋರು ಊಟ ಮಾಡ್ಕೊಂಡು ಹೋಗ್ಲಿ."

"ಹಂಗೆಲ್ಲ ಅನ್ಬಾರ್ದು ಮಗಳೇ. ಬುರ್ನೂಸ್ ಯಾರ ಕೈಲಾದ್ರೂ ಕಳಿಸ್ಲಾ?" ಎಂದ ಕದ್ದೂರ್.

"ತೋಳನ್ನ ಯಾರ ಕೈಲಿ ಕಳಿಸ್ತೀರಿ?"

ಕದ್ದೂರ್ ಫೋನ್ ಇಟ್ಟು, ಎರಡು ಲೋಟ ಪುದೀನ ಚಹಾ ಕುಡಿದ. ಮೂರನೆಯದಕ್ಕೆ ಕೈ ಹಾಕಲಿಲ್ಲ. ಅವನು ಮೂರನೆಯ ಲೋಟ ಬಿಟ್ಟದ್ದನ್ನು ನಾನು ನೋಡಿದ್ದು ಎರಡೇ ಸಲ. ಇನ್ನೊಂದು ಸಲ ಅಯ್ಯಾದ್ ಹೋದ ದಿನ.

ಮುಂದೆ ನಡೆದದ್ದರಲ್ಲಿ ನನ್ನ ತಪ್ಪೂ ಇದೆ. ಅರವತ್ತೆಂಟರ ವಯಸ್ಸಿನಲ್ಲಿ ನಾನು ಮಸೀದಿಯ ಹೆಂಗಸರ ತರಗತಿಗೆ ಸೇರಿ ಅಕ್ಷರ ಕಲಿತೆ. ಅಂಕಿ ಚೆನ್ನಾಗಿ ಬರುತ್ತದೆ, ಅಕ್ಷರ ಒಂದೊಂದಾಗಿ ಬರುತ್ತದೆ. ಮಾರನೆಯ ದಿನ ರಹ್ಮಾ ಫೋನಿಗೆ ಬಾಯಲ್ಲೇ ಕೇಳಿದಳು, ಊಜ್ದಾ ವಿಮಾನ ನಿಲ್ದಾಣದಿಂದ ತ್ಲೆಮ್ಸೆನ್ ವಿಮಾನ ನಿಲ್ದಾಣಕ್ಕೆ ಎಷ್ಟು ದೂರ ಎಂದು. ಒಂದು ಪುಟ ಬಂತು. ಓದಲು ನನ್ನನ್ನು ಕರೆದರು. ನಾನು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದೆ.

"ದೂರ... ಐವತ್ತು... ಕಿಲೋಮೀಟರ್."

"ಗೊತ್ತು," ಎಂದ ಕದ್ದೂರ್. "ರಸ್ತೇಲಿ ಎಂಬತ್ತು ಚಿಲ್ರೆ. ಹಕ್ಕಿಗೆ ಐವತ್ತು. ಮುಂದಕ್ಕೆ ಓದಿ ಲಲ್ಲಾ ಯಾಮ್ನಾ." ಲಲ್ಲಾ ಅಂದರೆ ಅಮ್ಮಾವ್ರು; ಓಣಿಯೆಲ್ಲ ನನ್ನನ್ನು ಕರೆಯುವುದೇ ಹಾಗೆ.

"ಹಾರುವ ಸಮಯ... ಮೂವತ್ತ... ನಾಲ್ಕು... ನಿಮಿಷ."

ಮೂರನೆಯ ಸಾಲು ಸಣ್ಣ ಅಕ್ಷರದಲ್ಲಿತ್ತು. ಅದನ್ನು ನಾನು ಕೂಡಿಸಿ ಮುಗಿಸುವಷ್ಟರಲ್ಲಿ ಕದ್ದೂರ್ ಚಪ್ಪಲಿ ಮೆಟ್ಟಿ ಬೀದಿಯಲ್ಲಿದ್ದ. ನಾನು ಕಿಟಕಿಯಿಂದ ಕೂಗಿದೆ.

"ಕದ್ದೂರ್! ನಿಲ್ಲೋ! ಈ ದಾರಿಯಲ್ಲಿ ವಿಮಾನ ಇಲ್ಲ ಅಂತ ಬರ್ದಿದೆ!"

ಅವನು ತಿರುಗಿ ಕೈ ಬೀಸಿದ. "ಜನ ಇಲ್ಲ, ಅದಕ್ಕೆ ವಿಮಾನ ಇಲ್ಲ! ತುಂಬ್ಸೋದು ನನಗೆ ಬಿಡಿ!"

ಅವನ ತಲೆಯಲ್ಲಿ ಏನಾಗಿತ್ತು ಎಂದು ಟ್ಯಾಕ್ಸಿಯವರ ಹೆಂಡಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಾಡಿ ಇದೆ, ಎರಡೂ ಕಡೆ ಸ್ಟ್ಯಾಂಡ್ ಇದೆ, ದೂರ ಇಷ್ಟು, ಸಮಯ ಇಷ್ಟು ಎಂದು ಬರೆದೂ ಇದೆ. ಆದರೂ ಹೊರಡುತ್ತಿಲ್ಲ ಎಂದರೆ ಕಾರಣ ಒಂದೇ: ಸೀಟು ತುಂಬಿಲ್ಲ. ಆಕಾಶ ಮುಚ್ಚಿದೆ ಕಣಯ್ಯ ಎಂದು ಓಣಿಯ ಗಂಡಸರು ಹೇಳಿದರು. ಅವನು ಅವರನ್ನು ನೋಡಿ ನಕ್ಕ.

"ಮುಚ್ಚಿರೋದು ಖಾಲಿ ವಿಮಾನಕ್ಕೆ. ತುಂಬಿದ ಗಾಡೀನ ಯಾವ ಪೋಲೀಸಿನವನು ನಿಲ್ಸಿದಾನೆ ಹೇಳಿ? ನಿಲ್ಸಿದ್ರೆ ಆರು ಜನರ ಬಾಯಿಗೆ ಅವನು ಉತ್ರ ಕೊಡ್ಬೇಕು. ಎಪ್ಪತ್ತು ಜನರ ಬಾಯಿಗೆ ಯಾರಪ್ಪಾ ಉತ್ರ ಕೊಡೋನು?"

ಸಣ್ಣ ವಿಮಾನಕ್ಕೆ ಎಪ್ಪತ್ತು ಸೀಟು ಎಂದು ಎಲ್ಲಿಂದಲೋ ತಿಳಿದುಕೊಂಡು ಬಂದಿದ್ದ. ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ತರಗತಿಯ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದೆ. ಮೊದಲ ಹೆಸರು ಕದ್ದೂರ್. ಒಂಬತ್ತು ದಿನ ಅವನು ಊರೆಲ್ಲ ತಿರುಗಿ ಜನರನ್ನು ನನ್ನ ಮನೆ ಬಾಗಿಲಿಗೆ ಕಳಿಸಿದ. ಗಡಿಯಾಚೆ ಅಕ್ಕ ಇರುವವರು, ಮಗಳು ಇರುವವರು, ಹೊಲ ಇರುವವರು. ಎರಡನೆಯ ಬೀದಿಯ ಮ್ಬಾರ್ಕಾ ಬಂದಳು. ತೊಂಬತ್ತನಾಲ್ಕರಲ್ಲಿ ನಾದಿನಿಯ ಮನೆಯಲ್ಲಿ ಹೊಲಿಗೆ ಯಂತ್ರ ಬಿಟ್ಟು ಬಂದಿದ್ದಾಳೆ, ಒಂದು ವಾರಕ್ಕೆಂದು. ಅದನ್ನು ತರಬೇಕು.

"ಒಂದ್ ಸೀಟು ಬರೀಲಾ, ಎರಡು ಬರೀಲಾ?" ಎಂದು ಕೇಳಿದೆ.

"ಹೋಗ್ತಾ ಒಂದು, ಬರ್ತಾ ಎರಡು. ಯಂತ್ರಾನ ತೊಡೆ ಮೇಲೆ ಇಟ್ಕೊಳ್ಳೋಕೆ ಆಗುತ್ತಾ? ಕಬ್ಬಿಣದ್ದು."

ರೊಟ್ಟಿ ಸುಡುವ ಒಲೆಯ ಮಿಲೂದನಿಗೆ ತಾಯಿಯ ಗೋರಿ ನೋಡಬೇಕು. ಹೆಸರು ಬರೆಸಿ, ಎರಡು ಬಿಸಿ ರೊಟ್ಟಿ ಮೇಜಿನ ಮೇಲಿಟ್ಟು ಹೋದ. ಒಬ್ಬ ನಿವೃತ್ತ ಅಂಚೆಯವನಿಗೆ ಆಚೆ ಯಾರೂ ಇಲ್ಲ. ಮತ್ತೆ ಯಾಕೆ ಎಂದರೆ, "ಮೂವತ್ತು ವರ್ಷ ಅಲ್ಲೀ ವಿಳಾಸ ನೋಡಿದೀನಿ. ಬೀದಿ ಹೆಂಗಿದೆ ಅಂತ ಒಂದ್ಸಲ ನೋಡ್ಬೇಕು" ಎಂದ. ಅವನಿಗೆ ಮುಂದೆ, ಓಡಿಸುವವನ ಪಕ್ಕದ ಸೀಟೇ ಬೇಕಿತ್ತು. ಮುಂದಿನ ಸೀಟು ಕೇಳಿದವರು ಒಟ್ಟು ಹದಿನೇಳು ಜನ. ಕದ್ದೂರ್ ಎಲ್ಲರಿಗೂ ಆಗಲಿ ಎಂದಿದ್ದ.

ಅರವತ್ತಮೂರಕ್ಕೆ ಪಟ್ಟಿ ನಿಂತಿತು.

ವಿಮಾನ ನಿಲ್ದಾಣ ಊರಿನ ಉತ್ತರಕ್ಕೆ, ಹನ್ನೆರಡು ಕಿಲೋಮೀಟರ್. ಪಟ್ಟಿ ಕೊಡಲು ಅವನು ಒಬ್ಬನೇ ಹೋಗಬೇಕಿತ್ತು. ಹೋಗುವಾಗ ನೋಡಿದರೆ ಹತ್ತೊಂಬತ್ತು ಜನ ಗಂಟುಮೂಟೆ ಸಮೇತ ಹೊರಟಿದ್ದರು, ಸೀಟು ತಪ್ಪಿಹೋದೀತು ಎಂದು. ಪಟ್ಟಿ ನನ್ನ ಕೈಬರಹ, ಓದಲು ನಾನೇ ಬೇಕು, ನಾನೂ ಹೋದೆ.

ಕೌಂಟರಿನಲ್ಲಿ ಕತ್ತಿಗೆ ನೀಲಿ ವಸ್ತ್ರ ಕಟ್ಟಿಕೊಂಡ ಹುಡುಗಿ ಇದ್ದಳು. "ಹೇಳಿ ಹಾಜಿ, ಏನಾಗ್ಬೇಕು?"

"ಹಜ್ ಇನ್ನೂ ಆಗಿಲ್ಲಮ್ಮ. ಒಂದು ವಿಮಾನ ಆಗ್ಬೇಕು. ಎಪ್ಪತ್ತು ಸೀಟಿಂದು. ಅರವತ್ಮೂರು ತುಂಬಿದೆ. ಉಳಿದ ಏಳು ಇಲ್ಲೇ ಬಾಗಿಲಲ್ಲಿ ನಿಂತು ಕೂಗಿದ್ರೆ ಹತ್ತು ನಿಮಿಷದ ಕೆಲಸ."

ಹುಡುಗಿ ಅವನ ಹಿಂದೆ ನಿಂತ ಗಂಟುಗಳನ್ನು ನೋಡಿದಳು. "ಯಾವೂರಿಗೆ?"

"ತ್ಲೆಮ್ಸೆನ್."

ಅವಳು ಒಳಗೆ ಹೋಗಿ ಒಬ್ಬ ಅಧಿಕಾರಿಯನ್ನು ಕರೆತಂದಳು. ಐವತ್ತು ದಾಟಿದ, ದಪ್ಪ ಮೀಸೆಯ, ಸಮಾಧಾನದ ಮನುಷ್ಯ. ಪಟ್ಟಿಯನ್ನು ತೆಗೆದುಕೊಂಡು ಒಂದು ಹೆಸರನ್ನೂ ಬಿಡದೆ ಓದಿದ. ನನ್ನ ಅಕ್ಷರ ಅವನಿಗೆ ಓದಲು ಬಂತು ಎಂಬುದನ್ನು ನಾನು ಗಮನಿಸಿದೆ.

"ಸಿ ಕದ್ದೂರ್, ಆಕಾಶ ಮುಚ್ಚಿದೆ," ಎಂದು ಮರ್ಯಾದೆಯಿಂದಲೇ ಹೇಳಿದ.

"ಎಲ್ಲರೂ ಹಂಗೇ ಅಂತಾರೆ. ಆಕಾಶಕ್ಕೆ ಬಾಗ್ಲು ಎಲ್ಲಿದೆ, ಸ್ವಲ್ಪ ತೋರ್ಸಿ."

"ತೋರ್ಸೋಕೆ ಬರಲ್ಲ."

"ಎಪ್ಪತ್ತೂ ತುಂಬಿದ್ರೆ?"

"ಏಳ್ನೂರು ತುಂಬಿದ್ರೂ ಹೋಗಲ್ಲ."

ಇದೊಂದು ಮಾತು ಕದ್ದೂರನಿಗೆ ಹೊಸದು. ತುಂಬಿದ ಗಾಡಿ ಹೊರಡುವುದಿಲ್ಲ ಎಂಬುದನ್ನು ಅವನು ತನ್ನ ಜನ್ಮದಲ್ಲಿ ಕೇಳಿರಲಿಲ್ಲ. ಹಿಂದಿನಿಂದ ಮ್ಬಾರ್ಕಾ, "ನಾನು ಅವತ್ತೇ ಅಂದೆ, ಈ ಕುಳ್ಳನ ಮಾತು ನಂಬ್ಬೇಡಿ ಅಂತ" ಎಂದಳು. ಅವಳು ಹಾಗೆ ಅಂದಿರಲಿಲ್ಲ. ಎಲ್ಲರಿಗಿಂತ ಮೊದಲು ಬಂದು ಬರೆಸಿದವಳು ಅವಳೇ, ಪಟ್ಟಿಯಲ್ಲಿ ಎರಡನೆಯ ಹೆಸರು.

ಆಗ ಹುಡುಗಿ ಪರದೆಯನ್ನು ಅವನ ಕಡೆ ತಿರುಗಿಸಿದಳು. "ಹಾಜಿ, ನೀವೊಬ್ರೇ ಹೋಗೋದಾದ್ರೆ ದಾರಿ ಇದೆ. ಇಲ್ಲಿಂದ ಕಾಸಾಬ್ಲಾಂಕಾ. ಅಲ್ಲಿಂದ ಟ್ಯೂನಿಸ್. ಟ್ಯೂನಿಸ್‌ನಿಂದ ಓರಾನ್. ಓರಾನ್‌ನಿಂದ ಟ್ಯಾಕ್ಸಿ. ಬೆಳಿಗ್ಗೆ ಹೊರಟ್ರೆ ಹದಿನಾಲ್ಕು ಗಂಟೇಲಿ ತ್ಲೆಮ್ಸೆನ್."

"ಮಗಳೇ, ತ್ಲೆಮ್ಸೆನ್ ಇಲ್ಲಿದೆ." ಅವನು ಪೂರ್ವದ ಗೋಡೆ ತೋರಿಸಿದ. "ನೀನು ನನ್ನನ್ನ ಹಿಂಗೆ ಸಮುದ್ರದ ಕಡೆ ಕಳಿಸ್ತಾ ಇದ್ದೀಯ. ನಾನು ತಂಗಿ ಮನೆಗೆ ಹೋಗೋನು, ಮೆಕ್ಕಾಗಲ್ಲ."

"ಹಾಜಿ ಅಂತ ಸುಮ್ನೆ ಕರೆದ್ನಾ?" ಎಂದಳು ಹುಡುಗಿ.

ನಾವು ಹೊರಡುವಾಗ ಆ ಅಧಿಕಾರಿ ಬಾಗಿಲ ತನಕ ಬಂದ. ಆಚೀಚೆ ನೋಡಿ ನನ್ನ ಹತ್ತಿರ ಮೆಲ್ಲಗೆ ಹೇಳಿದ: "ಲಲ್ಲಾ, ಪೆನ್ನು ಇದೆಯಾ? ನಮ್ಮತ್ತೆ ಹೆಸ್ರು ಬರ್ಕೊಳ್ಳಿ. ಗಡಿಯಾಚೆ ಮಗ್ನಿಯಾದೋರು. ಮುಂದೆ ಯಾವತ್ತಾದ್ರೂ..." ಬರೆದುಕೊಂಡೆ. ಅರವತ್ತನಾಲ್ಕು.

ಕೊನೆಗೆ ಆ ಹುಡುಗಿ ತೋರಿಸಿದ ದಾರಿಯೇ ಗತಿಯಾಯಿತು. ಟಿಕೆಟಿನ ದುಡ್ಡಿಗೆ ಏನು ಮಾಡಿದರು ಎಂಬುದು ಅವರ ಮನೆಯ ವಿಷಯ. ರಹ್ಮಾಳ ಮೊಣಕಾಲಿಗೆ ಮೂರು ವಿಮಾನ ಹತ್ತಿ ಇಳಿಯುವ ಶಕ್ತಿ ಇರಲಿಲ್ಲ, ಕದ್ದೂರ್ ಒಬ್ಬನೇ ಹೊರಟ. ಅವಳು ಎರಡು ದಿನ ಕೂತು ಖರ್ಜೂರ ತುಂಬಿದ ಮಕ್ರೂತ್ ಕರಿದು, ಜೇನಿನಲ್ಲಿ ಅದ್ದಿ, ಚೌಕನೆಯ ದೊಡ್ಡ ಎಣ್ಣೆಡಬ್ಬದಲ್ಲಿ ಒತ್ತಿ ಒತ್ತಿ ಜೋಡಿಸಿದಳು. ಜೇನು ಸೋರದಂತೆ ಮುಚ್ಚಳಕ್ಕೆ ಬೆಸುಗೆ ಹಾಕಿಸಿದಳು. "ಇದರಲ್ಲಿ ಒಂದು ಪುಡಿಯಾದ್ರೂ ನನಗೆ ಗೊತ್ತಾಗುತ್ತೆ" ಎಂದು ಅವನಿಗೆ ಹೇಳಿದಳು. ಮ್ಬಾರ್ಕಾ ಯಂತ್ರ ಇದೆಯೋ ಇಲ್ಲವೋ ನೋಡಿಕೊಂಡು ಬಾ ಎಂದಳು. ಮಿಲೂದ್ ಗೋರಿಯ ಗುರುತು ಹೇಳಿದ: ಅಂಜೂರದ ಮರದಿಂದ ನಾಲ್ಕನೆಯದು.

ಬುರ್ನೂಸನ್ನು ಸಾಮಾನಿನಲ್ಲಿ ಹಾಕಲು ಕದ್ದೂರ್ ಒಪ್ಪಲಿಲ್ಲ. ಸಾಮಾನು ಕಳೆದುಹೋಗುತ್ತದೆ ಎಂದು ಯಾರೋ ಅವನಿಗೆ ಹೇಳಿದ್ದರು. ಆದ್ದರಿಂದ ಜುಲೈ ತಿಂಗಳಲ್ಲಿ, ಗುರುವಾರ ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ, ಚಳಿಗಾಲದ ಒಂಟೆಗೂದಲಿನ ಬುರ್ನೂಸ್ ತೊಟ್ಟು, ಎಣ್ಣೆಡಬ್ಬ ಹೊತ್ತು ಮನೆ ಬಿಟ್ಟ. ಅಪ್ಪ ಎತ್ತರದ ಆಳು, ಮಗ ಕುಳ್ಳ. ಅಂಚು ನೆಲ ಗುಡಿಸುತ್ತಿತ್ತು.

ಇನ್ನು ಮುಂದಿನದು ಅವನು ಹೇಳಿದ್ದು. ಏಳು ಸಲ ಹೇಳಿದ್ದಾನೆ. ಏಳರಲ್ಲೂ ಒಂದೇ ರೀತಿ ಇದ್ದದ್ದನ್ನು ಮಾತ್ರ ಬರೆಯುತ್ತೇನೆ.

ಮೊದಲ ವಿಮಾನ ಏರಿದ ಮೇಲೆ ಪಶ್ಚಿಮಕ್ಕೆ ತಿರುಗಿತು. ಅವನು ಪಕ್ಕದವನಿಗೆ, "ಇವನು ದಾರಿ ತಪ್ಪಿದಾನೆ" ಎಂದ. ಪಕ್ಕದವನು ನಿದ್ದೆ ಮಾಡುತ್ತಿದ್ದ. ಅದಕ್ಕಿಂತ ಹೆಚ್ಚು ಅವನಿಗೆ ನೋವಾದದ್ದು ವಿಮಾನದಲ್ಲಿ ಇಪ್ಪತ್ತೆರಡು ಸೀಟು ಖಾಲಿ ಇದ್ದರೂ ಅದು ಗಂಟೆ ನೋಡಿಕೊಂಡು ಹೊರಟುಬಿಟ್ಟದ್ದು. ಎದ್ದು ನಿಂತು ಎಣಿಸಿದನಂತೆ. ವಿಮಾನದ ಹುಡುಗಿ ಬಂದು ಕೂರಿಸಿದಳು.

"ಐದು ನಿಮಿಷ ಕಾಯ್ಬಾರ್ದಿತ್ತಾ ಮಗಳೇ? ಯಾರಾದ್ರೂ ಬರೋರು."

"ವಿಮಾನ ಕಾಯಲ್ಲ ಹಾಜಿ."

"ಅದಕ್ಕೇ ಇವರು ಉದ್ಧಾರ ಆಗಿಲ್ಲ," ಎಂದು ಅವನು ನನ್ನ ಹತ್ತಿರ ಹೇಳಿದ.

ಕಾಸಾಬ್ಲಾಂಕಾದಲ್ಲಿ ತಪಾಸಣೆಯವರು ಬುರ್ನೂಸ್ ಬಿಚ್ಚಿಸಿದರು. ಟ್ಯೂನಿಸ್‌ನಲ್ಲಿ ಬಿಚ್ಚಿಸಿ ಕೊಡವಿದರು. ನುಸಿಗುಳಿಗೆಯೊಂದು ಉರುಳಿ ಬಿತ್ತು. ಮೂವರು ಅಧಿಕಾರಿಗಳು ಅದರ ಸುತ್ತ ನಿಂತು ಮೂಸಿ ನೋಡಿದರು. ಡಬ್ಬವನ್ನು ಯಂತ್ರದೊಳಗೆ ಎರಡು ಸಲ ಓಡಿಸಿದರು. ಮಕ್ರೂತ್ ಎಂದು ಕದ್ದೂರ್ ಪ್ರಮಾಣ ಮಾಡಿದ. ಬೆಸುಗೆ ಒಡೆಯಿರಿ ಎಂದರು. ಅವನು ಡಬ್ಬವನ್ನು ತಬ್ಬಿಕೊಂಡು ನೆಲದ ಮೇಲೆ ಕೂತ. "ಒಡೀರಿ. ಆದ್ರೆ ನನ್ನ ಹೆಂಡ್ತಿಗೆ ಫೋನ್ ಮಾಡಿ ನೀವೇ ಹೇಳಿ." ಅವರು ಅವನ ಮುಖವನ್ನು ನೋಡಿ, ರಹ್ಮಾಳನ್ನು ಊಹಿಸಿಕೊಂಡು, ಬಿಟ್ಟುಬಿಟ್ಟರು.

ಆಮೇಲೆ ಓರಾನ್ ವಿಮಾನ ಇವತ್ತಿಲ್ಲ, ನಾಳೆ ಹನ್ನೊಂದಕ್ಕೆ ಎಂದರು. ಯಾರದೋ ಫೋನಿನಿಂದ ಅಷ್ಟು ಹೇಳಿದ. ಅಲ್ಲಿಗೆ ಅವನ ಸುದ್ದಿ ನಿಂತಿತು. ಗುರುವಾರ ಗೋರಂಟಿ ಶಾಸ್ತ್ರ ಅವನಿಲ್ಲದೆ ಆಯಿತು.

ಶುಕ್ರವಾರ ಓರಾನ್‌ನಲ್ಲಿ ಇಳಿದಾಗ ಹನ್ನೆರಡು ಐವತ್ತು. ಟ್ಯಾಕ್ಸಿ ಸ್ಟ್ಯಾಂಡಿಗೆ ಬಂದಾಗ ಎರಡು ಹತ್ತು. ಜುಮಾ ನಮಾಜ್ ಮುಗಿದು ಊರೆಲ್ಲ ಕುಸ್ಕುಸ್ ತಿಂದು ಮಲಗುವ ಹೊತ್ತು. ಸ್ಟ್ಯಾಂಡಿನಲ್ಲಿ ತ್ಲೆಮ್ಸೆನ್‌ಗೆ ಹೋಗುವ ಗಾಡಿ ಒಂದೇ. ಓಡಿಸುವವನು ಟೋಪಿ ಮುಖಕ್ಕೆ ಮುಚ್ಚಿಕೊಂಡು ಒರಗಿದ್ದ.

"ಎಷ್ಟು ಜನ ಬೇಕು ತಮ್ಮಾ?"

"ಏಳು."

"ಎಷ್ಟಾಗಿದೆ?"

"ಈಗ ಒಂದು. ನೀವು."

"ಯಾವಾಗ ಹೊರಡೋದು?"

"ತುಂಬಿದಾಗ."

ಕದ್ದೂರನಿಗೆ ಬೈಯಲು ಬಾಯಿ ಬರಲಿಲ್ಲವಂತೆ. ಇದೇ ಮಾತನ್ನು ಇದೇ ದನಿಯಲ್ಲಿ ಅವನು ಮೂವತ್ತೆಂಟು ವರ್ಷ ಹೇಳಿದ್ದ.

"ನನ್ನ ತಂಗಿ ಮಗಳು ಹೊಸಿಲಲ್ಲಿ ಕಾಯ್ತಾ ಇದ್ದಾಳೆ. ಅಸರ್‌ಗೆ ಹೊರಡ್ಬೇಕು ಅವಳು."

"ಶುಕ್ರವಾರ ಹಾಜಿ. ಊಟ ಆಗಿ, ನಿದ್ದೆ ಆಗಿ ಜನ ಬರ್ಬೇಕು. ಐದಾಗುತ್ತೆ."

ಕದ್ದೂರ್ ಡಬ್ಬ ಕೆಳಗಿಟ್ಟ. ಬುರ್ನೂಸಿನ ಟೊಪ್ಪಿಗೆ ಹಿಂದಕ್ಕೆ ಸರಿಸಿದ. ಕೈ ಬಾಯಿಗೆ ಅಡ್ಡ ಹಿಡಿದು, ಕೂಗಿದ.

"ತ್ಲೆಮ್ಸೆನ್! ತ್ಲೆಮ್ಸೆನ್! ಬನ್ನಿ, ಹೊರಟ್ವಿ! ತ್ಲೆಮ್ಸೆನ್!"

ಮೂವತ್ತು ವರ್ಷ ಆ ಹೆಸರನ್ನು ಅವನು ಹಾಗೆ ಕೂಗಿರಲಿಲ್ಲ. ಗಂಟಲು ಎಲ್ಲಿಟ್ಟಿದ್ದೆನೋ ಅಲ್ಲೇ ಇತ್ತು ಎಂದ. ಕಿಟಕಿಗಳು ತೆರೆದವು. ಟೋಪಿಯವನು ಎದ್ದು ಕೂತ. ನಾಳೆ ಹೋಗೋಣ ಎಂದಿದ್ದ ಗಂಡಹೆಂಡತಿ ಇವತ್ತೇ ಹೊರಟು ಬಂದರು. ಇಬ್ಬರು ಸಿಪಾಯಿಗಳು ಬಂದರು. ಒಬ್ಬ ಮುದುಕ ಕೋಲೂರಿಕೊಂಡು ಬಂದು ಕದ್ದೂರನ ಮುಖ ನೋಡಿದ.

"ಈ ಕೂಗು ನನಗೆ ಗೊತ್ತು. ನೀನು ಊಜ್ದಾದೋನು. ತೊಂಬತ್ತೆರಡರಲ್ಲಿ ನನ್ನನ್ನ ಒಂದೂವರೆ ಗಂಟೆ ಬಿಸ್ಲಲ್ಲಿ ಕೂರಿಸಿದ್ದೆ!"

"ಆರನೆಯವರು ಸಿಕ್ಕಿರ್ಲಿಲ್ಲ, ಸಿದಿ."

"ಸಿಕ್ಕಿದ್ದ. ಅವನು ಮೇಕೆ ತಂದಿದ್ದ. ಮೇಕೇನ ಎಲ್ಲಿ ಕೂರ್ಸೋದು ಅಂತ ನೀನು ಒಂದೂವರೆ ಗಂಟೆ ಯೋಚ್ನೆ ಮಾಡ್ದೆ!" ಬೈಯುತ್ತಲೇ ಮುದುಕ ಒಳಗೆ ಕೂತ.

ಆರು ಆಯಿತು. ಏಳನೆಯವನು ಬರಲಿಲ್ಲ. ಗಂಟೆ ಎರಡು ಐವತ್ತು. ಕದ್ದೂರ್ ಮತ್ತೆ ಕೂಗಿದ. ಈ ಸಲ ಒಂದು ನಾಯಿ ಮಾತ್ರ ಬಂತು. ಆಗ ಅವನು ತನ್ನ ಜನ್ಮದಲ್ಲಿ ಮೊದಲ ಸಲ ಆ ಮಾತು ಆಡಿದ.

"ಹೊರಡು ತಮ್ಮಾ. ಒಂದು ಸೀಟು ಖಾಲಿ ಇದ್ರೆ ಇರ್ಲಿ."

ಗಾಡಿಯವನು ಅವನನ್ನು ನೋಡಿದ. "ನೀವೂ ಟ್ಯಾಕ್ಸಿಯೋರಂತೆ. ನಿಮ್ಮ ಕಾಲದಲ್ಲಿ ನೀವು ಹೊರಡ್ತಿದ್ರಾ?"

ಸುಳ್ಳು ಹೇಳಬಹುದಿತ್ತು. ಮುದುಕ ಒಳಗಿನಿಂದ ಕಿವಿ ಕೊಟ್ಟು ಕೂತಿದ್ದ. ಕದ್ದೂರ್ ಬುರ್ನೂಸ್ ಬಿಚ್ಚಿ, ನೀಟಾಗಿ ಮಡಿಸಿ, ಖಾಲಿ ಸೀಟಿನ ಮೇಲೆ ನೆಟ್ಟಗೆ ಕೂರಿಸಿ, ಟೊಪ್ಪಿಗೆಯನ್ನು ಮೇಲಕ್ಕೆ ಎತ್ತಿ ನಿಲ್ಲಿಸಿದ. "ಇವರು ನಮ್ಮಪ್ಪ. ಇವರ ಸೀಟಿನ ದುಡ್ಡೂ ನಾನೇ ಕೊಡ್ತೀನಿ. ಈಗ ಏಳು."

ಎರಡು ಐವತ್ತೈದಕ್ಕೆ ಗಾಡಿ ಹೊರಟಿತು. ದಾರಿಯುದ್ದಕ್ಕೂ ತಿರುವು ಬಂದಾಗಲೆಲ್ಲ ಮುದುಕ ಬುರ್ನೂಸಿಗೆ "ಕ್ಷಮಿಸಿ ಸಿದಿ" ಎನ್ನುತ್ತಿದ್ದನಂತೆ.

ಇತ್ತ ನಾವು ಓಣಿಯ ಹನ್ನೊಂದು ಹೆಂಗಸರು ರಹ್ಮಾಳ ಫೋನಿನ ಸುತ್ತ ಕೂತಿದ್ದೆವು. ಫೋನಿನಲ್ಲಿ ಖೈರಾಳ ಮನೆಯ ಅಂಗಳ ಕಾಣುತ್ತಿತ್ತು. ಇಕ್ರಾಮ್ ತ್ಲೆಮ್ಸೆನ್‌ನ ಹೆಣ್ಣುಗಳ ಹಾಗೆ ಸೊಂಟದ ತನಕ ಮುತ್ತಿನ ಸರ ಹಾಕಿ, ತಲೆಗೆ ಜರಿಯ ಗೋಪುರದಂಥ ಟೋಪಿ, ಅದರ ಮೇಲೆ ಚಿನ್ನದ ಪಟ್ಟಿಗಳು ಇಟ್ಟುಕೊಂಡು ಕೂತಿದ್ದಳು. ಹುಡುಗಿ ಮೊದಲೇ ಎತ್ತರ; ಟೋಪಿ ಸೇರಿ ಬಾಗಿಲಿಗಿಂತ ನಾಲ್ಕು ಬೆರಳು ಕಡಿಮೆ. ಅಸರ್ ಬಾಂಗ್ ಆಯಿತು. ಹೊರಗೆ ಗಂಡಿನ ಕಡೆಯ ಕಾರುಗಳು ಹಾರ್ನ್ ಬಾರಿಸಲು ಶುರು ಮಾಡಿದವು. ಖೈರಾ ಒಂದು ಸರ ಬಿಚ್ಚಿ ಮತ್ತೆ ಕಟ್ಟಿದಳು. ಇನ್ನೊಂದು ಬಿಚ್ಚಿದಳು.

ಗಂಡಿನ ಸೋದರತ್ತೆ ಒಳಗೆ ಬಂದಳು. "ಖೈರಾ, ಎಷ್ಟು ಸರ ಇದೆ ನಿನ್ನ ಹತ್ರ? ನಮ್ಮಲ್ಲಿ ಊಟ ಆರಿಹೋಗ್ತಾ ಇದೆ."

"ಇನ್ನೆರಡೇ."

"ಹಿಂದಿನ ಗಂಟೇಲೂ ಇನ್ನೆರಡೇ ಅಂದೆ. ಪಕ್ಕದ ಮನೆ ಯಜಮಾನ್ರು ಒಳ್ಳೇ ಮನುಷ್ಯರು, ಅವರ ತೋಳು ಎತ್ತಿಸು. ತೋಳು ಯಾರದಾದ್ರೇನು?"

ಇಕ್ರಾಮ್ ತಲೆ ಅಲ್ಲಾಡಿಸದೆ, ಟೋಪಿ ಬೀಳಬಾರದಲ್ಲ, ಉತ್ತರ ಕೊಟ್ಟಳು. "ತೋಳು ಯಾರದಾದ್ರೂ ಆಗುತ್ತೆ ಅಂದ್ರೆ, ಅತ್ತೆ, ಹೊರಗಡೆ ಕಾರಲ್ಲಿ ಕೂತಿರೋನೂ ಯಾರಾದ್ರೂ ಆಗುತ್ತಾ?"

ನಮ್ಮ ಕಡೆ ಹೆಂಗಸರೆಲ್ಲ ಒಟ್ಟಿಗೆ ನಾಲಿಗೆ ಹೊರಳಿಸಿ ಮದುವೆಯ ಉಲಿ ಹಾಕಿದೆವು. ರಹ್ಮಾ ಒಬ್ಬಳು ಹಾಕಲಿಲ್ಲ. ಅವಳು ಗೋಡೆಯ ಗಡಿಯಾರ ನೋಡುತ್ತಿದ್ದಳು. ಐದು ಹತ್ತಕ್ಕೆ ಗಂಡಿನ ತಂದೆಯೇ ಬಾಗಿಲಿಗೆ ಬಂದು ಗಂಟಲು ಸರಿಮಾಡಿಕೊಂಡ. ಐದು ಹದಿನೈದಕ್ಕೆ ಖೈರಾಳ ಕೈಯಲ್ಲಿ ಬಿಚ್ಚಲು ಸರ ಉಳಿದಿರಲಿಲ್ಲ. ಅವಳು ಮಗಳ ಮುಖ ನೋಡಿದಳು. "ಹೋಗ್ಲಿ ಬಿಡಮ್ಮ..." ಎಂದು ಏನೋ ಹೇಳಲು ಶುರು ಮಾಡಿದಳು.

ಐದು ಇಪ್ಪತ್ತೈದು. ಖೈರಾಳ ಓಣಿಯ ಕೊನೆಯಿಂದ ಕೂಗು ಬಂತು. ಫೋನಿನಲ್ಲೂ ನಮಗೆ ಕೇಳಿಸಿತು. "ನಿಲ್ಸಿ! ನಿಲ್ಸಿ! ಒಂದು ಸೀಟು ಬಾಕಿ ಇದೆ!"

ಕದ್ದೂರ್ ಬೆವರಿನಲ್ಲಿ ತೊಯ್ದು, ಬುರ್ನೂಸ್ ಎಳೆದುಕೊಂಡು, ಡಬ್ಬ ಹೊತ್ತು ಅಂಗಳಕ್ಕೆ ನುಗ್ಗಿದ. ಯಾರಿಗೂ ಸಲಾಂ ಹೇಳಲಿಲ್ಲ. ನೇರ ಹೊಸಿಲಿಗೆ ಹೋಗಿ, ಬಾಗಿಲ ಚೌಕಟ್ಟಿಗೆ ಕೈಯೂರಿ ತೋಳು ಎತ್ತಿದ. ಬುರ್ನೂಸ್ ಇಳಿಬಿತ್ತು. ಇಕ್ರಾಮ್ ಎದ್ದು ಬಂದಳು. ಬಂದು ನಿಂತಳು.

ಮಾವನ ತೋಳು ಅವಳ ಗಲ್ಲದ ಮಟ್ಟಕ್ಕಿತ್ತು.

ಅವಳು ಬಗ್ಗಿದರೆ ಟೋಪಿ ಬೀಳುತ್ತದೆ. ಅವನು ತುದಿಗಾಲಲ್ಲಿ ನಿಂತ. ಮೂಗಿನ ಮಟ್ಟ ಆಯಿತು. ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಕದ್ದೂರ್ ಸುತ್ತ ನೋಡಿದ. ಆಮೇಲೆ ಕಾಲಿನಿಂದ ಡಬ್ಬವನ್ನು ಹತ್ತಿರಕ್ಕೆ ಎಳೆದ.

"ಬೇಡ!" ಎಂದು ಊಜ್ದಾದಲ್ಲಿ ರಹ್ಮಾ ಫೋನಿಗೆ ಕಿರುಚಿದಳು. "ಅದರ ಮೇಲೆ ಬೇಡ! ನನ್ನ ಮಕ್ರೂತ್!"

ಅವನು ಹತ್ತಿದ. ಡಬ್ಬ ತಡೆಯಿತು. ತೋಳು ಮೇಲೆ ಹೋಯಿತು, ಚಿನ್ನದ ಪಟ್ಟಿಗಳಿಗಿಂತ ಎರಡು ಬೆರಳು ಮೇಲೆ. ಇಕ್ರಾಮ್ ಅಜ್ಜನ ಬುರ್ನೂಸಿನ ಕೆಳಗೆ ಒಂದು ಹೆಜ್ಜೆ ಇಟ್ಟು, ಅಲ್ಲೇ ನಿಂತು, ಮಾವನ ಬೆವರಿನ ಅಂಗಿಗೆ ಹಣೆ ತಾಗಿಸಿ, ಹೊಸಿಲು ದಾಟಿದಳು. ಅವಳ ಎರಡನೆಯ ಕಾಲು ಆಚೆ ಬಿದ್ದ ಕ್ಷಣಕ್ಕೆ ಡಬ್ಬ ಒಂದು ಕಡೆ ತಗ್ಗಿತು. ಕದ್ದೂರ್ ಗಂಡಿನ ತಂದೆಯ ಮೇಲೆ ಬಿದ್ದ. ಅಲ್ಲಿಗೆ ಬೀಗರ ಪರಿಚಯವೂ ಆಯಿತು. ನಮ್ಮ ಕಡೆ ಯಾರು ನಗುತ್ತಿದ್ದರು, ಯಾರು ಅಳುತ್ತಿದ್ದರು ಎಂದು ನನಗೆ ಎಣಿಸಲಾಗಲಿಲ್ಲ. ಕನ್ನಡಕ ಮಂಜಾಗಿತ್ತು.

ಹದಿನೈದು ದಿನ ಬಿಟ್ಟು ಅವನು ಅದೇ ಮೂರು ವಿಮಾನದಲ್ಲಿ ವಾಪಸು ಬಂದ. ಮಕ್ರೂತ್ ಪುಡಿಯಾಗಿದ್ದವು, ಚಮಚದಲ್ಲಿ ತಿಂದರಂತೆ. ಮ್ಬಾರ್ಕಾಳ ಯಂತ್ರ ಇದೆ, ನಾದಿನಿಯ ಮಗಳು ಅದರಲ್ಲೇ ಮದುವೆಯ ಮೆತ್ತೆಗಳನ್ನು ಹೊಲಿದಿದ್ದಳು. ಮಿಲೂದನ ತಾಯಿಯ ಗೋರಿ ಅಂಜೂರದ ಮರದಿಂದ ನಾಲ್ಕನೆಯದಲ್ಲ, ಐದನೆಯದು; ನಾಲ್ಕಕ್ಕೂ ಐದಕ್ಕೂ ಫಾತಿಹಾ ಓದಿ ಬಂದಿದ್ದಾನೆ.

"ಪುಟದಲ್ಲಿ ಬರ್ದಿದ್ದು ಸುಳ್ಳಲ್ಲ ಲಲ್ಲಾ ಯಾಮ್ನಾ," ಎನ್ನುತ್ತಾನೆ ಅವನು ಈಗಲೂ. "ಮೂವತ್ನಾಲ್ಕೇ. ನಿಮಿಷ ಅಂತ ಬರ್ದಿದಾರೆ, ಗಂಟೆ ಅಂತ ಬರೀಬೇಕಿತ್ತು, ಅಷ್ಟೇ."

ಅದು ತಪ್ಪು. ಗುರುವಾರ ಬೆಳಿಗ್ಗೆ ಐದು ನಲವತ್ತರಿಂದ ಶುಕ್ರವಾರ ಸಂಜೆ ಐದು ಇಪ್ಪತ್ತೈದರ ತನಕ ಮೂವತ್ತೈದೂ ಮುಕ್ಕಾಲು ಗಂಟೆ. ನಾನು ಬರೆದಿಟ್ಟಿದ್ದೇನೆ.

ಹೋದ ವಾರ ಖೈರಾಳ ಫೋನ್ ಬಂತು. ಇಕ್ರಾಮ್ ಬಸುರಿ. ಮಗುವಿಗೆ ಏಳನೆಯ ದಿನ ಹೆಸರಿಡುವಾಗ ಮಾಮ ಇರಬೇಕಂತೆ. ಕದ್ದೂರ್ ಮೂರು ಲೋಟ ಚಹಾವನ್ನೂ ಕುಡಿದು ನನ್ನ ಬಾಗಿಲಿಗೆ ಬಂದ.

"ಲಲ್ಲಾ, ಆ ಹಳೇ ಪಟ್ಟಿ ಇದೆಯಲ್ಲ? ಇನ್ನು ಆರೇ ಸೀಟು ಬಾಕಿ ಅಲ್ವಾ?"

ಪುಸ್ತಕ ತೆಗೆದು ನೋಡಿದೆ. ಅಂಚೆಯವನು ಚಳಿಗಾಲದಲ್ಲಿ ತೀರಿಹೋದ. ಆ ಅಧಿಕಾರಿಯ ಅತ್ತೆಯೂ ರಂಜಾನಿನಲ್ಲಿ ಹೋದರು ಎಂದು ಕೇಳಿದೆ. ಅವರ ಹೆಸರು ಹೊಡೆದುಹಾಕಲು ಮನಸ್ಸು ಬರದೆ ಪಕ್ಕದಲ್ಲಿ ಸಣ್ಣ ಗೆರೆ ಎಳೆದಿದ್ದೆ.

"ಎಂಟು," ಎಂದೆ.

"ಎಂಟೇ ತಾನೆ," ಎಂದು ಅವನು ಚಪ್ಪಲಿ ಮೆಟ್ಟಿ ಬೀದಿಗೆ ಇಳಿದ.